ಸರ್ಕಾರಿ ಖರ್ಚಿನ ವಕೀಲರು: ಮೊದಲ 24 ಗಂಟೆಗೆ ಎಷ್ಟು ಅಂಕ?

ದೊಡ್ಡ ಪ್ರಕರಣದ ಆರೋಪಿಗೆ ಜಾಮೀನು ಸಿಕ್ಕ ದಿನ ಟಿವಿಯಲ್ಲಿ ಕೇಳುವುದು ಒಂದೇ ಮಾತು: ಕೋರ್ಟುಗಳು ಆರೋಪಿಗಳನ್ನು ತಲೆ ಮೇಲೆ ಕೂರಿಸಿಕೊಂಡಿವೆ. ಇದು ಎಷ್ಟು ನಿಜ ಎಂದು ಅಳೆಯಲು ತೀರ್ಪಿನ ಪುಟ ತಿರುವಿದರೆ ಸಾಲದು. ಆ ಹಕ್ಕುಗಳು ದುಡ್ಡಿಲ್ಲದವನ ಕೈಗೆ ತಲುಪುವ ಜಾಗ ಬೇರೆ ಇದೆ. ಅದು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ನೆರವು ಅಭಿರಕ್ಷಕರ, ಅಂದರೆ ಆರೋಪಿಯ ಪರ ವಾದಿಸುವ ಸರ್ಕಾರಿ ಖರ್ಚಿನ ವಕೀಲರ ಕಚೇರಿ. ಈ ವಿಮರ್ಶೆ ಆ ಸೇವೆಯದು. ಯೋಜನೆಗೆ ಐದಕ್ಕೆ ನಾಲ್ಕು ಕೊಡಬಹುದು. ರಿಮಾಂಡ್ ದಿನದ, ಅಂದರೆ ಬಂಧಿತನನ್ನು ಮೊದಲು ಕೋರ್ಟಿಗೆ ತಂದು ಕಸ್ಟಡಿ ಕೇಳುವ ದಿನದ ಕೆಲಸಕ್ಕೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಬರುವುದಿಲ್ಲ.

ಮೊದಲು, ಏನು ಸಿಗುತ್ತದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2022ರ ಯೋಜನೆಯಂತೆ ಇಲ್ಲಿರುವವರು ಪೂರ್ಣಾವಧಿ ವಕೀಲರು, ಖಾಸಗಿ ಕೇಸು ಹಿಡಿಯುವಂತಿಲ್ಲ. ಮುಖ್ಯ ಅಭಿರಕ್ಷಕರಿಗೆ ಕನಿಷ್ಠ 10 ವರ್ಷ, ಉಪ ಮುಖ್ಯರಿಗೆ 7 ವರ್ಷ ಅನುಭವ ಇರಬೇಕು. ಸಹಾಯಕರಿಗೆ 3 ವರ್ಷದೊಳಗಿನ ಅನುಭವ ಸಾಕು. ಕ್ರಿಮಿನಲ್ ಪ್ರಕರಣ ಮಾತ್ರ, ಅದೂ ಆರೋಪಿಯ ಪರ. ದೂರುದಾರರಿಗೂ ನೆರವುಂಟು, ಆದರೆ ಅದು ಪ್ರಾಧಿಕಾರದ ಪ್ಯಾನೆಲ್ ವಕೀಲರ ಮೂಲಕ. ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಆದಾಯದ ಮಿತಿಯೇ ಇಲ್ಲ, ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಓಡುವುದು ಬೇಡ. ಫೀಸು ಸೊನ್ನೆ. ಯಾರಾದರೂ 'ಖರ್ಚಿಗೆ' ಎಂದು ಕೈ ಚಾಚಿದರೆ ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಲಿಖಿತ ದೂರು ಕೊಡಿ; ಅವರು ನ್ಯಾಯಾಧೀಶರು.

ಪಡೆಯುವುದು ಸುಲಭ. 15100ಕ್ಕೆ ಕರೆ ಮಾಡಬಹುದು, ಕಚೇರಿಗೆ ಹೋಗಬಹುದು, ಹಾಜರುಪಡಿಸಿದಾಗ ಮ್ಯಾಜಿಸ್ಟ್ರೇಟರಿಗೇ 'ನನಗೆ ವಕೀಲರಿಲ್ಲ' ಎನ್ನಬಹುದು. ಕೇಳದಿದ್ದರೂ ಕೊಡಬೇಕು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ: ಮೊದಲ ಸಲ ಹಾಜರುಪಡಿಸಿದಾಗಲೇ ವಕೀಲರ ಹಕ್ಕನ್ನು ತಿಳಿಸದ ಮ್ಯಾಜಿಸ್ಟ್ರೇಟರ ಮೇಲೆ ಇಲಾಖಾ ಕ್ರಮ ಆಗಬಹುದು. ಹಾಗೆ ಹೇಳಿದ ಕೋರ್ಟೇ ಅವನ ಗಲ್ಲು ಶಿಕ್ಷೆಯನ್ನು ಎತ್ತಿಹಿಡಿಯಿತು. ಹಕ್ಕು ಕೊಡುವುದು ಬೇರೆ, ಬಿಟ್ಟು ಕಳಿಸುವುದು ಬೇರೆ; ಟಿವಿ ಚರ್ಚೆಗಳಲ್ಲಿ ಇವೆರಡೂ ಒಂದಾಗಿಬಿಡುತ್ತವೆ.

ಸೇವೆ ಎಡವುವುದು ಮೊದಲ 24 ಗಂಟೆಯಲ್ಲಿ. ಪ್ರಯಾಣದ ಸಮಯ ಬಿಟ್ಟು ಇಷ್ಟರೊಳಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿ ಸಾಮಾನ್ಯವಾಗಿ ನಿಲ್ಲುವವರು ಕಿರಿಯ ಸಹಾಯಕರು. ಪಡಸಾಲೆಯಲ್ಲಿ ಐದು ನಿಮಿಷ ಮಾತು, ಕೈಗೆ ರಿಮಾಂಡ್ ಅರ್ಜಿ, ಅಷ್ಟೇ. ಆ ಐದು ನಿಮಿಷದಲ್ಲಿ ನೋಡಬೇಕಾದ ಕಾಗದ ಯಾವುದು ಎಂಬುದರಲ್ಲೇ ಎಲ್ಲ ಇದೆ.

ಅದು ಬಂಧನದ ಆಧಾರಗಳ ಪತ್ರ. ಸಂವಿಧಾನದ 22(1)ನೇ ವಿಧಿ ಮತ್ತು ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 47ನೇ ಕಲಂ ಕೇಳುವುದು ಇದನ್ನು. ಅಚ್ಚಾದ ಅರೆಸ್ಟ್ ಮೆಮೋದಲ್ಲಿ 'ಸಾಕ್ಷ್ಯ ನಾಶ ತಡೆಯಲು', 'ಹೆಚ್ಚಿನ ತನಿಖೆಗಾಗಿ' ಎಂದು ಗುರುತು ಹಾಕಿರುತ್ತಾರೆ. ಇವು ಯಾರಿಗೆ ಬೇಕಾದರೂ ಹೊಂದುವ ಸಾಮಾನ್ಯ ಕಾರಣಗಳು. ಆಧಾರ ಎಂದರೆ ಈ ವ್ಯಕ್ತಿ ಇಂಥ ದಿನ ಇಂಥದ್ದು ಮಾಡಿದ ಎಂಬ, ಅವನಿಗಷ್ಟೇ ಅಂಟುವ ವಿವರ. 2024ರ ಪ್ರಬೀರ್ ಪುರಕಾಯಸ್ಥ ತೀರ್ಪು ಎಳೆದ ಗೆರೆ ಇದು. 2025ರ ನವೆಂಬರ್‌ನ ಮಿಹಿರ್ ಶಾ ತೀರ್ಪು ಇದನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿತು: ಆಧಾರಗಳು ಲಿಖಿತವಾಗಿರಬೇಕು, ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಬಂಧಿಸುವ ಗಳಿಗೆಯಲ್ಲಿ ಬರೆದು ಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲು ಪತ್ರ ಕೊಡಬೇಕು. ಹಿಂದಿ ಮಾತ್ರ ಬಲ್ಲ ಕಟ್ಟಡ ಕಾರ್ಮಿಕನಿಗೆ ಕನ್ನಡದ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡರೆ ಲೆಕ್ಕಕ್ಕೆ ಬರುವುದಿಲ್ಲ.

ಇದು ಅತಿಯೇ? ಪೊಲೀಸರಿಗೆ ತಗಲುವುದು ಒಂದು ಹಾಳೆ, ಅರ್ಧ ಗಂಟೆ ಟೈಪಿಂಗ್. ಪತ್ರ ಕೊಡದ ಕಾರಣಕ್ಕೆ ಆರೋಪಿ ಬಿಡುಗಡೆಯಾದರೂ ಪ್ರಕರಣ ಸಾಯುವುದಿಲ್ಲ. ಆಧಾರ ಬರೆದುಕೊಟ್ಟು ಮತ್ತೆ ಕಸ್ಟಡಿ ಕೇಳಬಹುದು. ಅತಿ ಎಂಬ ದೂರಿಗೆ ಇಲ್ಲಿ ನೆಲೆಯಿಲ್ಲ.

ಸುಪ್ರೀಂ ಕೋರ್ಟಿನ ಮೇಲೆ ಬೇರೆ ದೂರು ಹೇಳಬಹುದು, ಅದು ಗೊಂದಲದ್ದು. 2025ರ ಫೆಬ್ರವರಿಯ ವಿಹಾನ್ ಕುಮಾರ್ ತೀರ್ಪು ಆಧಾರ ತಿಳಿಸದ ಬಂಧನವೇ ಅಸಿಂಧು ಎಂದಿತು. ಅದೇ ವರ್ಷದ ಆಗಸ್ಟ್ 14ರಂದು ನಟ ದರ್ಶನ್ ಅವರಿಗೆ ಕರ್ನಾಟಕ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ರದ್ದು ಮಾಡುವಾಗ ಸುಪ್ರೀಂ ಕೋರ್ಟೇ, ಲಿಖಿತ ಆಧಾರ ಇಲ್ಲದ ಮಾತ್ರಕ್ಕೆ ಸಾಲದು, ಅದರಿಂದ ಆರೋಪಿಗೆ ಬಾಧಕವಾಗಿದ್ದನ್ನು ತೋರಿಸಬೇಕು ಎಂದಿತು. ನವೆಂಬರ್‌ನಲ್ಲಿ ಮತ್ತೆ ನಿಯಮ ಬಿಗಿಯಾಯಿತು. ಒಂದೇ ವರ್ಷದಲ್ಲಿ ಮೂರು ದನಿ ಕೇಳಿದ ತಾಲ್ಲೂಕು ಮ್ಯಾಜಿಸ್ಟ್ರೇಟರು ಏನು ಮಾಡಬೇಕು? ಇನ್ನೊಂದು ದೂರು: ತಪ್ಪು ತನಿಖಾಧಿಕಾರಿಯದು, ಏಟು ಬೀಳುವುದು ದೂರುದಾರರಿಗೆ. 7 ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ನೋಟಿಸ್ ಕೊಡದೆ ಬಂಧಿಸಿದವರ ಮೇಲೆ ಇಲಾಖಾ ಕ್ರಮ, ನ್ಯಾಯಾಂಗ ನಿಂದನೆ ಎರಡೂ ಆಗಬಹುದೆಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಆ ಅಸ್ತ್ರ ಬತ್ತಳಿಕೆಯಿಂದ ಹೊರಬರುವುದೇ ಅಪರೂಪ.

ಅತಿ ಎಂಬ ದೂರು ಕೇಳಿದ, ಕರ್ನಾಟಕದಿಂದಲೇ ಹೋದ ಇನ್ನೊಂದು ಪ್ರಕರಣದ ತೀರ್ಪು 2010ರ ಸೆಲ್ವಿ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮಿದುಳು ನಕ್ಷೆ ಮಾಡಕೂಡದು ಎಂದಿತು. ತನಿಖೆಯ ಕೈ ಕಟ್ಟಿತು ಎಂದು ಆಗ ಗೊಣಗಿದವರು ಬಹಳ. ಒಪ್ಪಿಗೆ ಕೊಟ್ಟ ಪರೀಕ್ಷೆಗೆ, ಅದರಿಂದ ಮುಂದೆ ಸಿಕ್ಕ ವಸ್ತುವಿಗೆ ಇಂದಿಗೂ ಬಾಗಿಲು ತೆರೆದಿದೆ.

ಸೇವೆ ಚೆನ್ನಾಗಿ ಕೆಲಸಕ್ಕೆ ಬರುವುದು ದಿನದ ಲೆಕ್ಕದಲ್ಲಿ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಮೇಲಿನ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರಲ್ಲಿ ದೋಷಾರೋಪ ಪಟ್ಟಿ ಬಾರದಿದ್ದರೆ ಬಿಎನ್‌ಎಸ್‌ಎಸ್ 187ರ ಅಡಿ ಜಾಮೀನು ಹಕ್ಕಾಗುತ್ತದೆ. ಎಣಿಕೆ ಶುರುವಾಗುವುದು ಬಂಧನದಿಂದಲ್ಲ, ಮೊದಲ ರಿಮಾಂಡಿನಿಂದ. ರಿಮಾಂಡ್ ದಿನವೂ ಸೇರುತ್ತದೆ ಎಂದು 2023ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿದೆ. ಜೂನ್ 1ರಂದು ರಿಮಾಂಡ್ ಆಗಿದ್ದರೆ ಜುಲೈ 30ಕ್ಕೆ 60 ಮುಗಿಯಿತು. ಜುಲೈ 31ರ ಬೆಳಿಗ್ಗೆ ಕೋರ್ಟ್ ಬಾಗಿಲು ತೆರೆದಾಗ ಅರ್ಜಿ ಕೈಯಲ್ಲಿರಬೇಕು. ಮಧ್ಯಾಹ್ನಕ್ಕೆ ಪಟ್ಟಿ ಸಲ್ಲಿಕೆಯಾಗಿ, ಅರ್ಜಿ ಆಮೇಲೆ ಬಂದರೆ ಹಕ್ಕು ಹೋಯಿತು. ಅರ್ಜಿ ಮೊದಲು ಬಂದಿದ್ದರೆ ಪಟ್ಟಿ ಬಂದರೂ ಹಕ್ಕು ಉಳಿಯುತ್ತದೆ. ತಾರೀಖು ಬರೆದಿಟ್ಟು ಕಾಯುವ ಪೂರ್ಣಾವಧಿ ಕಚೇರಿ, ದಿನಕ್ಕೆ ಹತ್ತು ಕೋರ್ಟು ಸುತ್ತುವ ಖಾಸಗಿ ವಕೀಲರಿಗಿಂತ ಇಲ್ಲಿ ವಾಸಿ. ಮನೆಯವರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ.

ಕೆಲಸ ಮತ್ತೆ ನಿಲ್ಲುವುದು ಶೂರಿಟಿಯಲ್ಲಿ. ಪಹಣಿ ಇರುವ ಜಾಮೀನುದಾರ ಸಿಗದೆ, ಜಾಮೀನು ಆದೇಶ ಆಗಿಯೂ ಒಳಗೇ ಉಳಿಯುವವರಿದ್ದಾರೆ. ಆದೇಶವಾಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದು ಎಂದು 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನ ಹೇಳುತ್ತದೆ. ತಾನಾಗಿಯೇ ಆಗುತ್ತದೆಂದು ನಂಬಿ ಕೂರಬೇಡಿ. ಎಂಟನೇ ದಿನ ಜಾಮೀನು ಆದೇಶದ ನಕಲು ಹಿಡಿದು ಅಭಿರಕ್ಷಕರ ಕಚೇರಿಗೆ ಹೋಗಿ, ಷರತ್ತು ಬದಲಿಸುವ ಅರ್ಜಿ ಹಾಕಿಸಿ.