ತೋಳಿನ ಬಲದ ದೋಣಿ: ಹುಟ್ಟೋ, ಪಂಖವೋ, ಚಕ್ರವೋ?

ಕೆರೆ ದಂಡೆಯಲ್ಲಿ ಬಾಡಿಗೆಗೆ ಸಿಗುವ ಪೆಡಲ್ ಬೋಟುಗಳೆಲ್ಲ ಕಾಲಲ್ಲಿ ಕಸುವಿದ್ದವರಿಗೆಂದೇ ಮಾಡಿದವು. ನನ್ನ ಸೋದರಮಾವನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಬಡಿದು ಎರಡೂ ಕಾಲು ಸೋತಿವೆ. ಆದರೆ ತೋಳು ನೋಡಬೇಕು. ವಯಸ್ಸಿಗೆ ಬಂದಾಗಿನಿಂದ ಕೈಯಲ್ಲಿ ತಿರುಗಿಸುವ ಮೂರು ಗಾಲಿ ಸೈಕಲ್ ಮೇಲೇ ಓಡಾಡಿದ ಮನುಷ್ಯ, ಹಸ್ತಲಾಘವ ಕೊಟ್ಟರೆ ನಮ್ಮ ಬೆರಳು ನೆಟಿಕೆ ಮುರಿಯುತ್ತವೆ. ಮುಂಡರಗಿ ತಾಲ್ಲೂಕಿನ ಹೊಳೆಸಾಲಿನವರಾದ್ದರಿಂದ ನೀರಿನ ಹುಚ್ಚು ಬೇರೆ. ಹುಬ್ಬಳ್ಳಿಯ ಎಕ್ಸಿಬಿಷನ್‌ನಲ್ಲಿ ರಬ್ಬರ್ ಹೊಂಡದೊಳಗೆ ಮಕ್ಕಳು ಎರಡೂ ಕೈಲಿ ಹಿಡಿ ತಿರುವುತ್ತ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಪ್ಲಾಸ್ಟಿಕ್ ಬೋಟು ಇರುತ್ತವಲ್ಲ, ಅದನ್ನು ನೋಡಿದಾಗಿನಿಂದ ಒಂದೇ ವರಾತ: “ಅಳಿಯಾ, ಇಂಥಾದ್ದ ಒಂದು ದೊಡ್ಡದು ನನಗ ಮಾಡಿಕೊಡೋ.”

ನನ್ನದು ಲೇತ್ ಕೆಲಸ. ಒಲ್ಲೆ ಎನ್ನಲು ನೆವ ಸಿಗಲಿಲ್ಲ. ಒಂದೇ ಕಟ್ಟಿಬಿಡುವ ಬದಲು, ಒಂದೇ ದೋಣಿಗೆ ಬೇರೆ ಬೇರೆ ಸಾಧನ ಹಾಕಿ ನೋಡಿ ಆಮೇಲೆ ತೀರ್ಮಾನ ಮಾಡೋಣ ಅಂದೆ. ದೋಣಿ ಹಳೆಯದು, ಹತ್ತಡಿ ಉದ್ದದ ಫೈಬರಿನದು, ತಳ ಚಪ್ಪಟೆ. ಹೊಳೆಯಲ್ಲಿ ಎಲ್ಲರ ಹತ್ತಿರ ಇರುವ ಹರಗೋಲನ್ನೇ ಯಾಕೆ ಬಳಸಲಿಲ್ಲ ಎಂದು ಕೇಳುವವರಿದ್ದಾರೆ. ಹರಗೋಲು ದುಂಡಗಿನದು, ಅದಕ್ಕೆ ಮುಂದು ಯಾವುದು ಹಿಂದು ಯಾವುದು ಎಂಬುದೇ ಇಲ್ಲ. ಪಳಗಿದ ಕೈಯಲ್ಲಿ ಒಂದು ಹುಟ್ಟಿದ್ದರೆ ಅದು ಹೇಳಿದ ಮಾತು ಕೇಳುತ್ತದೆ, ಯಂತ್ರ ಕಟ್ಟಿದರೆ ಗಿರಗಿರ ಸುತ್ತುತ್ತದೆ. ನೋಡಿದ್ದು ಎರಡು ಕಡೆ: ತುಂಗಭದ್ರೆಯ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ, ಮತ್ತು ಕಳೆ ತುಂಬಿದ ಒಂದು ಊರ ಕೆರೆಯಲ್ಲಿ. ಈ ಎರಡನೆಯ ಜಾಗವೇ ಕೊನೆಗೆ ತೀರ್ಪು ಕೊಟ್ಟಿತು.

ಮೊದಲು ಹುಟ್ಟು. ಖರ್ಚಿಲ್ಲ, ಕೆಡುವುದಿಲ್ಲ, ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಒಯ್ಯಬಹುದು. ದೋಣಿಯ ಎರಡೂ ಅಂಚಿಗೆ ಕಬ್ಬಿಣದ ಕೊಕ್ಕೆ ಕೂರಿಸಿ ಉದ್ದನೆಯ ಜೋಡಿ ಹುಟ್ಟು ಸಿಕ್ಕಿಸಿದೆ. ನಾನು ಕೂತು ಹಾಕಿದರೆ ದೋಣಿ ಚಲೋ ಓಡಿತು, ಮೊಬೈಲಿನ ಜಿಪಿಎಸ್ ಗಂಟೆಗೆ ನಾಲ್ಕೈದು ಕಿಲೋಮೀಟರ್ ತೋರಿಸುತ್ತಿತ್ತು. ಮಾವ ಕೂತರೆ ಅದೇ ದೋಣಿ, ಅದೇ ಹುಟ್ಟು, ಅರ್ಧ ವೇಗವೂ ಇಲ್ಲ. ತೋಳು ನನಗಿಂತ ಎರಡು ಪಟ್ಟು ಗಟ್ಟಿಯಿದ್ದೂ ಹೀಗೇಕೆ ಅಂದರೆ, ಹುಟ್ಟು ಹಾಕುವುದು ಬರೀ ಕೈಯ ಕೆಲಸವಲ್ಲ. ಪಾದ ಒತ್ತಿ ಹಿಡಿದು, ಬೆನ್ನು ಹಿಂದಕ್ಕೆ ಬಾಗಿಸಿ, ಕೊನೆಗೆ ತೋಳು ಎಳೆಯುವುದು. ಸ್ಪರ್ಧೆಯ ದೋಣಿಗಳಲ್ಲಿ ಜಾರುವ ಸೀಟು ಇಡುವುದೇ ಕಾಲಿನ ಬಲವನ್ನು ಹುಟ್ಟಿಗೆ ದಾಟಿಸಲಿಕ್ಕೆ. ಮಾವನ ಪಾದ ಒತ್ತು ಕೊಡದ್ದರಿಂದ ಪ್ರತಿ ಎಳೆತಕ್ಕೂ ಮೈಯೇ ಹಲಗೆಯ ಮೇಲೆ ಮುಂದಕ್ಕೆ ಜಾರುತ್ತಿತ್ತು, ಹುಟ್ಟು ನೀರಿನಲ್ಲಿ ನಿಂತಲ್ಲೇ ನಿಲ್ಲುತ್ತಿತ್ತು. ನಡುವಿಗೆ ಪಟ್ಟಿ ಕಟ್ಟಿದರೆ ಸರಿಹೋಗುತ್ತದೆ ಎಂದು ಯಾರೋ ಅಂದರು. ದಯವಿಟ್ಟು ಅದನ್ನು ಯಾರೂ ಮಾಡಬೇಡಿ. ದೋಣಿ ಮಗುಚಿದರೆ ಆ ಪಟ್ಟಿಯೇ ಯಮಪಾಶ. ಎತ್ತರದ ಬೆನ್ನೊರಗು, ಎರಡೂ ಮಗ್ಗುಲಿಗೆ ತಡೆ, ಮೈಮೇಲೆ ಲೈಫ್ ಜಾಕೆಟ್, ಇಷ್ಟೇ ಸಾಕು.

ಹುಟ್ಟಿನದು ಇನ್ನೊಂದು ತಕರಾರಿದೆ. ಜೋಡಿ ಹುಟ್ಟು ಹಾಕುವವನ ಬೆನ್ನು ದೋಣಿ ಹೋಗುವ ದಿಕ್ಕಿಗೆ ಇರುತ್ತದೆ. ಮಾವ ಎರಡೇ ಸುತ್ತಿಗೆ ಬೇಸತ್ತು, “ಬೆನ್ನ ಹಿಂದ ಏನ್ ಐತಿ ಅಂತ ನೋಡಲಾರದ ಹೋಗೂದು ಎಂಥಾ ಪ್ರವಾಸಲೇ?” ಅಂದರು. ಎರಡೂ ತುದಿಗೆ ಅಲಗಿರುವ ಕಯಾಕ್ ಹುಟ್ಟು ಕೊಟ್ಟರೆ ಮುಂದೆ ನೋಡಿಕೊಂಡು ಹೋಗಬಹುದು ನಿಜ. ಆದರೆ ಅಗಲ ದೋಣಿಯಲ್ಲಿ ಅದು ನೀರಿಗೆ ಸರಿಯಾಗಿ ಎಟುಕುವುದಿಲ್ಲ, ಎತ್ತಿದಾಗಲೆಲ್ಲ ನೀರು ತೊಡೆಯ ಮೇಲೆ ಸೋರುತ್ತದೆ.

ಎರಡನೆಯದು ಪಂಖ, ಅಂದರೆ ಪ್ರೊಪೆಲರ್. ಪುಸ್ತಕದ ಲೆಕ್ಕದಲ್ಲಿ ಇದೇ ಗೆಲ್ಲಬೇಕು. ತೋಳಿಗೆ ಕಾಲಿನಷ್ಟು ತ್ರಾಣವಿಲ್ಲ, ಸಾಮಾನ್ಯರಲ್ಲಿ ಮೂರನೇ ಒಂದು ಪಾಲಿನಷ್ಟು ಕಡಿಮೆಯೇ. ಹೀಗಿರುವಾಗ ಸಿಕ್ಕ ಬಲವನ್ನು ಪೋಲು ಮಾಡದ ಸಾಧನ ಬೇಕು, ಒಳ್ಳೆಯ ಪಂಖ ಅದನ್ನೇ ಮಾಡುತ್ತದೆ. ಕೈಯಿಂದ ತಿರುಗಿಸುವ ಪಂಖ ಹೊಸದೇನಲ್ಲ. ಅಮೆರಿಕದ ಡೇವಿಡ್ ಬುಷ್ನೆಲ್ ಕಟ್ಟಿದ ‘ಟರ್ಟಲ್’ ಎಂಬ ಒಬ್ಬಾಳಿನ ಜಲಾಂತರ್ಗಾಮಿ 1776ರಲ್ಲಿ ಓಡಿದ್ದು ಹೀಗೇ. 1864ರಲ್ಲಿ ಚಾರ್ಲ್‌ಸ್ಟನ್ ಬಂದರಿನ ಹೊರಗೆ ಯುದ್ಧನೌಕೆಯೊಂದನ್ನು ಮುಳುಗಿಸಿದ ‘ಹನ್ಲಿ’ ಎಂಬ ಇನ್ನೊಂದು ಜಲಾಂತರ್ಗಾಮಿಯೊಳಗೆ ಸಾಲಾಗಿ ಕೂತ ಏಳು ಜನ ಒಂದೇ ಉದ್ದನೆಯ ದಂಡವನ್ನು ಕೈಯಲ್ಲಿ ತಿರುವುತ್ತಿದ್ದರು. ಅವರ್ಯಾರೂ ಬದುಕಿ ಬರಲಿಲ್ಲ, ಅದು ಬೇರೆ ಮಾತು.

ನಾನು ಮಾಡಿದ್ದು ಹೀಗೆ. ಗುಜರಿಯಿಂದ ತಂದ ಮೂರು ಗಾಲಿ ಸೈಕಲ್ಲಿನ ಹಿಡಿ-ಕಂಬ ಎದೆಯ ಮಟ್ಟಕ್ಕೆ ನಿಲ್ಲಿಸಿದೆ. ಅಲ್ಲಿಂದ ಚೈನು ಒಂದು ಸಣ್ಣ ಹಲ್ಲುಗಾಲಿಗೆ. ತಿರುಗುವ ದಿಕ್ಕನ್ನು ನೇರ ಕೋನದಲ್ಲಿ ಬಗ್ಗಿಸಲು ಸುಟ್ಟುಹೋದ ಆಂಗಲ್ ಗ್ರೈಂಡರಿನ ತಲೆ. ಅದರೊಳಗೆ ಗಟ್ಟಿ ಗೇರ್ ಜೋಡಿ ಸಿದ್ಧವಾಗೇ ಇರುತ್ತದೆ, ಹೊಸದಾಗಿ ಕೊರೆಸುವ ಕೆಲಸವಿಲ್ಲ. ಗ್ರೈಂಡರಿನಲ್ಲಿ ಅದು ವೇಗ ಇಳಿಸಲು ಇರುವುದು, ನಾವು ಉಲ್ಟಾ ಓಡಿಸಿದರೆ ವೇಗ ಏರುತ್ತದೆ. ಪಂಖದ ವಿಷಯದಲ್ಲಿ ಮಾತ್ರ ಅವಸರ ಮಾಡಬಾರದು. ಮೋಟಾರಿನ ಪಂಖ ಗಿಡ್ಡ, ಅಗಲ ಎಸಳಿನದು, ಜೋರು ಸುತ್ತಿಗೆ ಮಾಡಿದ್ದು. ಮನುಷ್ಯನ ಬಲಕ್ಕೆ ಬೇಕಾದ್ದು ದೊಡ್ಡ ವ್ಯಾಸದ, ತೆಳು ಎಸಳಿನ, ನಿಧಾನ ತಿರುಗುವ ಪಂಖ. ಮಾದರಿ ವಿಮಾನಕ್ಕೆ ಹಾಕುವ ಪಂಖವನ್ನೇ ತಂದು ನೀರಿಗೆ ಬಿಡುವ ಹವ್ಯಾಸಿಗಳು ಹೊರದೇಶಗಳಲ್ಲಿ ಬಹಳ ಜನ. ನಾನೂ ಅಂಥದ್ದನ್ನೇ ತರಿಸಿದೆ.

ಹಿನ್ನೀರಿನಲ್ಲಿ ಅದು ಓಡಿದ್ದನ್ನು ನೋಡಿದರೆ ಸಾಕು, ಹೊಟ್ಟೆ ತುಂಬುತ್ತದೆ. ಸಪ್ಪಳವಿಲ್ಲ, ನೀರು ಚಿಮ್ಮುವುದಿಲ್ಲ. ಮಾವ ಮಾತಾಡುತ್ತ ಮಾತಾಡುತ್ತ ಐದು ಕಿಲೋಮೀಟರ್ ವೇಗ ದಾಟಿಸಿದರು. ಅದಕ್ಕಿಂತ ಹೆಚ್ಚಿನ ಆಸೆ ಪಡುವುದು ದಂಡ. ಹತ್ತಡಿ ದೋಣಿ ಗಂಟೆಗೆ ಏಳೆಂಟು ಕಿಲೋಮೀಟರಿನ ಹತ್ತಿರ ಬಂದರೆ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. ವೇಗ ಎರಡರಷ್ಟಾಗಲು ಬಲ ಎಂಟರಷ್ಟಾದರೂ ಬೇಕು, ಅಷ್ಟು ಬಲ ಯಾರ ತೋಳಲ್ಲೂ ಇಲ್ಲ.

ಚುಕ್ಕಾಣಿಯದೇ ಒಂದು ಸಮಸ್ಯೆ. ಪೆಡಲ್ ಬೋಟಿನಲ್ಲಿ ಕಾಲು ತುಳಿಯುತ್ತದೆ, ಕೈ ಚುಕ್ಕಾಣಿ ಹಿಡಿಯುತ್ತದೆ. ಇಲ್ಲಿ ಎರಡೂ ಕೈ ಕೆಲಸದಲ್ಲಿವೆ, ಕಾಲು ಬರುವುದಿಲ್ಲ, ಇನ್ನು ಹಿಡಿಯುವವರು ಯಾರು? ಉಪಾಯ ಮಾವನದೇ. ಅವರ ಸೈಕಲ್ಲಿನಲ್ಲಿ ತಿರುಗಿಸುವ ಹಿಡಿಯೂ ತಿರುವಿಗೆ ಹೊರಳುವ ಕಂಬವೂ ಒಂದೇ. ಅದರಂತೆ ಕಂಬದ ಎರಡು ಬದಿಯಿಂದ ನೈಲಾನ್ ಹಗ್ಗ ಎಳೆದು ಹಿಂದಿನ ಚುಕ್ಕಾಣಿಗೆ ಕಟ್ಟಿದೆವು. ಹಿಡಿ ತಿರುಗಿಸುತ್ತಲೇ ಕಂಬವನ್ನು ಎಡಕ್ಕೋ ಬಲಕ್ಕೋ ಸ್ವಲ್ಪ ಹೊರಳಿಸಿದರೆ ದೋಣಿ ಹೊರಳುತ್ತದೆ. ಚೈನು ಒಂಚೂರು ತಿರುಚುತ್ತದೆ, ಸಡಿಲ ಬಿಟ್ಟರೆ ಕಳಚುತ್ತದೆ, ಹದ ನೋಡಿ ಬಿಗಿಯಬೇಕು.

ಇಷ್ಟಾಗಿಯೂ ಊರ ಕೆರೆಗೆ ಇಳಿಸಿದ ಕೂಡಲೇ ಪಂಖದ ದರ್ಬಾರು ಮುಗಿಯಿತು. ಅಂತರಗಂಗೆಯ ಬೇರು ಸುತ್ತಿಕೊಂಡಿತು, ಬಿಡಿಸಿದೆವು, ಮತ್ತೆ ಸುತ್ತಿಕೊಂಡಿತು. ಬಿಡಿಸುವುದು ಅಂದರೆ ದೋಣಿಯ ಹಿಂತುದಿಗೆ ಹೋಗಿ ಬಗ್ಗಿ ನೀರಿಗೆ ಕೈ ಹಾಕುವುದು. ನನಗದು ಸುಲಭ, ಒಬ್ಬರೇ ಕೂತ ಮಾವನಿಗೆ ಸಾಧ್ಯವೇ ಇಲ್ಲ. ದಂಡೆಯ ಹತ್ತಿರ ಇನ್ನೊಂದು ಕಾಟ: ಪಂಖಕ್ಕೆ ಮೊಳದುದ್ದ ಆಳ ಬೇಕು, ನಮ್ಮ ಕೆರೆಗಳ ಅಂಚಿನಲ್ಲಿ ಹೂಳು ಬಿಟ್ಟರೆ ನೀರೇ ಇರುವುದಿಲ್ಲ. ಎಸಳು ಕೆಸರು ತಿಂದಿತು. ಹುಬ್ಬಳ್ಳಿಯ ಉಣಕಲ್ ಕೆರೆಯನ್ನು ಕಳೆ ಹಬ್ಬಿದ ವರ್ಷಗಳಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಡುವೆ ಹಿಂದೆ-ಮುಂದೆ ದೂಡುವ ಸನ್ನೆಗೋಲಿಗೆ ಮೀನಿನ ಬಾಲದಂಥ ರೆಕ್ಕೆ ಕಟ್ಟಿಯೂ ನೋಡಿದೆ. ದೋಣಿ ಮುಂದೆ ಹೋಗುವುದಕ್ಕಿಂತ ಬಾಲ ಅಲ್ಲಾಡಿಸಿದ್ದೇ ಹೆಚ್ಚು. ಬಿಟ್ಟೆ.

ಇನ್ನು ಚಕ್ರ, ಎಕ್ಸಿಬಿಷನ್ ಬೋಟಿನ ದೊಡ್ಡಣ್ಣ. ದೋಣಿಯ ಎರಡೂ ಮಗ್ಗುಲಿಗೆ ಸೈಕಲ್ ರಿಮ್ಮು, ಪ್ರತಿಯೊಂದಕ್ಕೂ ಎಂಟು ಹಲಗೆ, ನಡುವಿನ ಅಚ್ಚಿಗೆ ನೇರ ಹಿಡಿ. ಎಡಗೈಗೆ ಎಡ ಚಕ್ರ, ಬಲಗೈಗೆ ಬಲ ಚಕ್ರ. ಗೇರಿಲ್ಲ, ಚೈನಿಲ್ಲ, ಚುಕ್ಕಾಣಿಯೂ ಬೇಡ. ಮೊದಲು ಹಲಗೆಗಳನ್ನು ಪ್ಲೈವುಡ್ಡಿನಲ್ಲಿ ಮಾಡಿದ್ದೆ, ನೀರು ಕುಡಿದು ಉಬ್ಬಿದವು. ಈಗ ಇರುವುದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಸೀಳಿ ಕತ್ತರಿಸಿದ್ದು. ಡ್ರಮ್ಮಿನ ಸಹಜ ಬಾಗೇ ಹಲಗೆಗೆ ಒಂದಿಷ್ಟು ಗಟ್ಟಿತನ ಕೊಡುತ್ತದೆ.

ಚಕ್ರದ ಗುಟ್ಟೆಲ್ಲ ಹಲಗೆ ಎಷ್ಟು ಮುಳುಗಬೇಕು ಎನ್ನುವುದರಲ್ಲಿದೆ. ಹಲಗೆ ನೆಟ್ಟಗೆ ಕೆಳಗಿರುವ ಕ್ಷಣದಲ್ಲಿ ಮಾತ್ರ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಒಳಗೆ ಇಳಿಯುವಾಗ ನೀರಿಗೆ ಕಪಾಳಕ್ಕೆ ಹೊಡೆಯುತ್ತದೆ, ಮೇಲೆ ಏಳುವಾಗ ಸೌಟಿನ ಹಾಗೆ ನೀರು ಎತ್ತುತ್ತದೆ. ಆ ಎರಡೂ ದಂಡದ ಕೆಲಸ. ಆಳ ಹೆಚ್ಚಾದಷ್ಟೂ ಈ ದಂಡ ಹೆಚ್ಚು, ಕಡಿಮೆಯಾದರೆ ಹಲಗೆ ನೀರಿನ ಮೇಲೆ ಜಾರುತ್ತದೆ. ಹಲಗೆ ಪೂರ್ತಿ ಮುಳುಗಿ ಅದರ ಮೇಲಂಚಿನ ಮೇಲೆ ಬೆರಳಗಲ ನೀರಿದ್ದಾಗ ಹಿಡಿ ಹಗುರ, ದೋಣಿಯೂ ಚುರುಕು. ಆದರೆ ದೋಣಿಗೆ ನಾನೂ ಹತ್ತಿ ಕೂತೆನೋ, ದೋಣಿ ತಗ್ಗಿ ಹಲಗೆ ಇನ್ನಷ್ಟು ಒಳಗೆ ಹೋಯಿತು, ಮಾವನ ಉಸಿರು ಮೇಲೆ ಬಂತು. ಅದಕ್ಕೇ ಈಗ ಅಚ್ಚು ಕೂರುವ ಪಟ್ಟಿಯಲ್ಲಿ ಮೇಲೆ-ಕೆಳಗೆ ಮೂರು ತೂತು ಕೊರೆದಿದ್ದೇನೆ. ಒಬ್ಬರಿದ್ದರೆ ಕೆಳಗಿನದು, ಇಬ್ಬರಿದ್ದರೆ ನಡುವಿನದು, ಸಾಮಾನು ಹೇರಿದರೆ ಮೇಲಿನದು.

ದೊಡ್ಡ ಹಡಗಿನವರಿಗೂ ಕಾಡಿದ್ದು ಇದೇ ಕಾಯಿಲೆ. ಕಲ್ಲಿದ್ದಲು ಖರ್ಚಾಗುತ್ತ ಹಡಗು ಮೇಲೆದ್ದರೆ ಚಕ್ರದ ಮುಳುಗು ಬದಲಾಗುತ್ತಿತ್ತು, ಅಲೆಗೆ ಓಲಾಡಿದರೆ ಒಂದು ಚಕ್ರ ಗಾಳಿಯಲ್ಲಿ, ಇನ್ನೊಂದು ಆಳದಲ್ಲಿ. 1845ರಲ್ಲಿ ಬ್ರಿಟಿಷ್ ನೌಕಾಪಡೆ ಪಂಖದ ‘ರ್‍ಯಾಟ್ಲರ್’, ಚಕ್ರದ ‘ಅಲೆಕ್ಟೊ’ ಎರಡನ್ನೂ ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಾಟ ಆಡಿಸಿತು. ಹೆಸರಿಗೆ ಸಮಬಲದ ಎಂಜಿನ್ ಇದ್ದ ಅಲೆಕ್ಟೊ ಚಕ್ರ ತಿರುಗಿಸುತ್ತಲೇ ಹಿಂದಕ್ಕೆ ಎಳೆಸಿಕೊಂಡು ಹೋಯಿತು. ಅದಕ್ಕೂ ಮುಂಚೆ, 1780ರ ದಶಕದಲ್ಲಿ, ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಮಿಲ್ಲರ್ ಜೋಡಿ ಒಡಲಿನ ದೋಣಿಗೆ ಚಕ್ರ ಕೂರಿಸಿ ಆಳುಗಳ ಕೈಯಿಂದಲೇ ತಿರುಗಿಸಿದ್ದರು. ಆಳುಗಳು ದಣಿಯುವುದನ್ನು ಕಂಡ ಮೇಲೆಯೇ ಉಗಿ ಎಂಜಿನ್ನಿನ ಕಡೆ ಹೊರಳಿದ್ದು. ಹಾಗಾಗಿ ಚಕ್ರ ಸೋತ ಕುದುರೆ ಎನ್ನುವವರ ಮಾತು ಸುಳ್ಳಲ್ಲ. ಸಮುದ್ರದಲ್ಲಿ ಸೋತ ಕುದುರೆ, ಅಷ್ಟೇ.

ನಮ್ಮ ಕೆರೆಯಲ್ಲಿ ಚಕ್ರದ ವೇಗ ಗಂಟೆಗೆ ಮೂರು ಕಿಲೋಮೀಟರಿನ ಆಸುಪಾಸು, ಪಂಖಕ್ಕೆ ಹೋಲಿಸಿದರೆ ಆಮೆನಡಿಗೆ. ತೋಳಿಗೆ ಶ್ರಮವೂ ಹೆಚ್ಚು. ಆದರೆ ಕಳೆ ಬಂದರೆ ಹಲಗೆ ಅದನ್ನು ತುಳಿದುಕೊಂಡೇ ಹೋಗುತ್ತದೆ. ಅಪರೂಪಕ್ಕೆ ಸಿಕ್ಕಿಕೊಂಡರೆ ಚಕ್ರವನ್ನು ಅರ್ಧ ಸುತ್ತು ಹಿಂದೆ ತಿರುಗಿಸಿದರೆ ಬಿಡುತ್ತದೆ, ಬಿಡದಿದ್ದರೂ ಕೂತಲ್ಲಿಂದಲೇ ಕೈಗೆ ಎಟುಕುತ್ತದೆ. ಗೇಣುದ್ದ ನೀರಿದ್ದರೆ ಸಾಕು. ಒಂದು ಕೈ ಮುಂದಕ್ಕೆ, ಇನ್ನೊಂದು ಕೈ ಹಿಂದಕ್ಕೆ ತಿರುಗಿಸಿದರೆ ನಿಂತ ಜಾಗದಲ್ಲೇ ಗರಕ್ಕನೆ ಸುತ್ತುತ್ತದೆ. ಇದನ್ನು ಕಂಡುಹಿಡಿದ ದಿನ ಮಾವ ದಂಡೆಯ ಹುಡುಗರಿಗೆ ಆಟ ತೋರಿಸುತ್ತ ಸಂಜೆಯವರೆಗೂ ಇಳಿಯಲಿಲ್ಲ. ಮೀನಿನ ಬಲೆ ಒಣಗಿಸುತ್ತಿದ್ದವರೊಬ್ಬರು ಬಹಳ ಹೊತ್ತು ನೋಡಿ, “ಕಾಕಾ, ಹುಟ್ಟಿನ ಹಂಗ ಜೋರ ಇಲ್ಲ ಬಿಡ್ರಿ. ಆದ್ರ ಬಲೀ ಬಿಡಾಕ ಇದ ಚಲೋ, ಹಿಂದ ಮುಂದ ಹೇಳಿದಂಗ ಕೇಳ್ತೈತಿ” ಅಂದರು. ಹೊಳೆಯವರು ಸುಮ್ಮನೆ ಹೊಗಳುವವರಲ್ಲ.

ನೇರ ಓಡಿಸುವುದಕ್ಕೆ ಮಾತ್ರ ರೂಢಿ ಬೇಕು. ಬಲಗೈ ಜೋರಿದ್ದವರ ದೋಣಿ ಎಡಕ್ಕೆ ಎಳೆಯುತ್ತಲೇ ಇರುತ್ತದೆ. ದೋಣಿಯ ತಳಕ್ಕೆ ಹಿಂದಿನಿಂದ ಒಂದು ಉದ್ದ ಪಟ್ಟಿ ಬಡಿದ ಮೇಲೆ ಆ ಎಳೆತ ಬಹಳ ತಗ್ಗಿತು. ಕಪ್ಪತಗುಡ್ಡದ ಆಚೀಚೆ ಸಾಲು ಸಾಲು ಗಾಳಿಯಂತ್ರ ನೆಟ್ಟಿರುವ ಸೀಮೆ ಇದು, ಎದುರುಗಾಳಿ ಎದ್ದರೆ ಚಕ್ರದ ದೋಣಿ ನಿಂತಲ್ಲೇ ನಿಲ್ಲುತ್ತದೆ. ನೀರಿನ ಮೇಲೆ ಎದ್ದಿರುವ ಚಕ್ರವೇ ಗಾಳಿಗೆ ಅಡ್ಡ ನಿಲ್ಲುವುದು ಸಾಲದೆಂಬಂತೆ, ಚಿಮ್ಮುವ ನೀರೆಲ್ಲ ಮುಖಕ್ಕೆ. ಬೆಳಗಿನ ಗಾಳಿಯಿಲ್ಲದ ಹೊತ್ತೇ ಇದಕ್ಕೆ ಸರಿ. ಮಳೆಗಾಲದಲ್ಲಿ ಬ್ಯಾರೇಜಿನ ಗೇಟು ಎತ್ತುವ ದಿನಗಳಲ್ಲಿ ಹೊಳೆಗೆ ಇವುಗಳಲ್ಲಿ ಯಾವುದನ್ನೂ ಇಳಿಸಬಾರದು. ಧೋತರ ಉಡುವವರು ಚುಂಗನ್ನು ಬಿಗಿಯಾಗಿ ಕಟ್ಟಿಕೊಂಡೇ ಹಿಡಿಗೆ ಕೈ ಹಾಕಬೇಕು. ಹೆಗಲ ಮೇಲಿನ ಟವೆಲ್ ಅಂತೂ ದಂಡೆಯ ಮೇಲೇ ಇರಲಿ.

ಕಾಲಲ್ಲಿ ಬಲವಿದ್ದು, ಒಂದು ದಂಡೆಯಿಂದ ಇನ್ನೊಂದಕ್ಕೆ ಹೋಗಿ ಬರುವುದಷ್ಟೇ ಬೇಕಿದ್ದರೆ ಯಂತ್ರದ ಗೊಡವೆಯೇ ಬೇಡ, ಜೋಡಿ ಹುಟ್ಟು ತೆಗೆದುಕೊಳ್ಳಿ. ಕಳೆಯಿಲ್ಲದ ಆಳ ನೀರು ಹತ್ತಿರವಿದ್ದು, ತೋಳೊಂದೇ ಆಸರೆಯಾಗಿದ್ದು, ಜೊತೆಗೊಬ್ಬರು ಯಾವಾಗಲೂ ಇರುತ್ತಾರಾದರೆ ಪಂಖ ಕಟ್ಟಿಸಿ. ದುಡ್ಡು ಹೆಚ್ಚು ಬೀಳುವುದೂ ಅದಕ್ಕೇ, ಲೇತ್ ಕೆಲಸ ಸ್ವಲ್ಪ ವಾರೆಯಾದರೂ ದಂಡ ನಡುಗುತ್ತದೆ. ಮಾವ ಆರಿಸಿಕೊಂಡದ್ದು ಚಕ್ರ, ನಾನೂ ಅವರ ಜಾಗದಲ್ಲಿದ್ದರೆ ಅದನ್ನೇ ಆರಿಸುತ್ತಿದ್ದೆ. ಯಾರ ನೆರವೂ ಇಲ್ಲದೆ ಹೋಗಿ ಬರಬಹುದಾದ ಸಾಧನ ಮೂರರಲ್ಲಿ ಅದೊಂದೇ. ಪಂಖದ ಜೋಡಣೆಯನ್ನು ಬಿಚ್ಚಿ ಅಂಗಡಿಯ ಅಟ್ಟದ ಮೇಲೆ ಇಟ್ಟಿದ್ದೇನೆ, ಬೇಸಿಗೆಯಲ್ಲಿ ಹಿನ್ನೀರಿಗೆ ಹೋಗುವಾಗ ಹಾಕಿಕೊಡು ಎಂದು ಮಾವ ಈಗಾಗಲೇ ಹೇಳಿಟ್ಟಿದ್ದಾರೆ.

ಕಟ್ಟಿಸುವವರಿಗೆ ಇನ್ನೆರಡು ಮಾತು. ಅಚ್ಚಿಗೆ ಸಾದಾ ಬೇರಿಂಗ್ ಹಾಕಬೇಡಿ, ನೀರು ಹೊಕ್ಕು ಒಂದೇ ಮಳೆಗಾಲಕ್ಕೆ ಜಾಮ್ ಆಗುತ್ತದೆ. ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನು ಕೇಳಿ ತನ್ನಿ, ಇಲ್ಲವೇ ನೈಲಾನ್ ಬುಷ್ ಕಡೆಸಿ ಹಾಕಿ, ಅದಕ್ಕೆ ಗ್ರೀಸೂ ಬೇಡ. ಹಿಡಿಗೆ ತಿರುಗುವ ಕೊಳವೆ ಹಾಕಿಸದಿದ್ದರೆ ಅಂಗೈ ಬೊಬ್ಬೆ ಏಳುತ್ತದೆ. ಚಕ್ರದ ಮೇಲೆ ಮಡ್‌ಗಾರ್ಡ್ ಇಲ್ಲದೆ ನೀರಿಗೆ ಇಳಿಸಬೇಡಿ. ಹಲಗೆಗೆ ಸೀಳಿ ಉಳಿದ ಡ್ರಮ್ಮಿನ ಅರ್ಧ ಭಾಗವೇ ಅದಕ್ಕೆ ಸರಿಹೋಗುತ್ತದೆ.