ಆಕ್ಟೇವಿಯಾ ಆರ್‌ಎಸ್‌ಗೆ ಯಾವ ಆಯಿಲ್? ಏಳು ವರ್ಷ, 92,000 ಕಿ.ಮೀ. ಓಡಿಸಿದ ಮೇಲೆ

ನನ್ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಮನೆಗೆ ಬಂದದ್ದು 2018ರ ಫೆಬ್ರುವರಿಯಲ್ಲಿ. 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಪಿಎಸ್, ಆರು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಈಗ ಮೀಟರ್ 92,000 ದಾಟಿದೆ. ವಾರಕ್ಕೆ ಮೂರು ದಿನ ಬನಶಂಕರಿಯಿಂದ ವೈಟ್‌ಫೀಲ್ಡ್‌ವರೆಗೆ ಟ್ರಾಫಿಕ್‌ನಲ್ಲಿ ತೆವಳುತ್ತದೆ. ಎರಡು ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆಯ ಊರಿಗೆ ಹೋಗುತ್ತದೆ. ವರ್ಷಕ್ಕೆ ಒಂದೆರಡು ಸಲ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇ. ಮೂರೂ ಬೇರೆ ಬೇರೆ ಥರದ ಕೆಲಸ. ಆದರೆ ಒಳಗಿರುವ ಆಯಿಲ್ ಒಂದೇ.

ಈ ಕಾರಿಗೆ ಯಾವ ಆಯಿಲ್ ಹಾಕ್ತೀರಿ ಅಂತ ತುಂಬಾ ಜನ ಕೇಳುತ್ತಾರೆ. ಎಲ್ಲರಿಗೂ ಬೇಕಾಗಿರುವುದು ಒಂದು ಬ್ರ್ಯಾಂಡ್ ಹೆಸರು. ಅದನ್ನೂ ಹೇಳುತ್ತೇನೆ. ಆದರೆ ಬ್ರ್ಯಾಂಡ್‌ಗಿಂತ ಮುಂಚೆ ನೋಡಬೇಕಾದದ್ದು ಕ್ಯಾನಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ.

ನಮ್ಮ ಎಂಜಿನ್‌ಗೆ ಬೇಕಾದದ್ದು ವಿಡಬ್ಲ್ಯೂ 502 00 ಅಥವಾ 504 00 ಅಪ್ರೂವಲ್. ವಿಡಬ್ಲ್ಯೂ ಅಂದರೆ ಸ್ಕೋಡಾದ ಒಡೆತನ ಇರುವ ಫೋಕ್ಸ್‌ವ್ಯಾಗನ್. ಅದು ತಾನೇ ಇಟ್ಟಿರುವ ಪರೀಕ್ಷೆಗಳಲ್ಲಿ ಆ ಆಯಿಲ್ ಪಾಸಾಗಿದೆ ಎಂದು ಇದರ ಅರ್ಥ. ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಲವು ಕ್ಯಾನ್‌ಗಳಲ್ಲಿ 'ಅಪ್ರೂವಲ್' ಎಂದು ಇರುತ್ತದೆ. ಕೆಲವುದರಲ್ಲಿ 'ಈ ಗುಣಮಟ್ಟದ ಕಾರುಗಳಿಗೆ ಸೂಕ್ತ' ಎಂದಷ್ಟೇ ಇರುತ್ತದೆ. ಎರಡನೆಯದು ಆಯಿಲ್ ಮಾಡಿದವರ ಮಾತು, ಕಾರು ಮಾಡಿದವರ ಒಪ್ಪಿಗೆ ಅಲ್ಲ. ನಾನು ಮೊದಲನೆಯದನ್ನು ಮಾತ್ರ ಕೊಳ್ಳುತ್ತೇನೆ.

ಇನ್ನು 5ಡಬ್ಲ್ಯೂ-30, 5ಡಬ್ಲ್ಯೂ-40 ಅನ್ನುವ ಅಂಕೆಗಳು. ಮುಂದಿನ 5ಡಬ್ಲ್ಯೂ ಚಳಿಗೆ ಸಂಬಂಧಿಸಿದ್ದು. ಆ ಪರೀಕ್ಷೆ ನಡೆಯುವುದು ಮೈನಸ್ 30 ಡಿಗ್ರಿಯಲ್ಲಿ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿ 0ಡಬ್ಲ್ಯೂ ಬೇಕಾ, 5ಡಬ್ಲ್ಯೂ ಸಾಕಾ ಅಂತ ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಮಗೆ ಮುಖ್ಯ ಹಿಂದಿನ ಅಂಕೆ. 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಅನ್ನುವುದನ್ನು ಅದು ಹೇಳುತ್ತದೆ. ಆ ದಪ್ಪವನ್ನು ಅಳೆಯುವುದು ಸೆಂಟಿಸ್ಟೋಕ್‌ನಲ್ಲಿ. 30 ಅಂದರೆ 9.3ರಿಂದ 12.5 ಸೆಂಟಿಸ್ಟೋಕ್. 40 ಅಂದರೆ 12.5ರಿಂದ 16.3.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಅಂಕೆ ಇದೆ, ಎಚ್‌ಟಿಎಚ್‌ಎಸ್. ಬೇರಿಂಗ್ ಮತ್ತು ಕ್ರ್ಯಾಂಕ್ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಆಯಿಲ್ ವಿಪರೀತ ವೇಗದಲ್ಲಿ ಅರೆಯಲ್ಪಡುತ್ತದೆ. ಅಂಥ ಸ್ಥಿತಿಯನ್ನು 150 ಡಿಗ್ರಿಯಲ್ಲಿ ತಂದು, ಆಗ ಎಷ್ಟು ದಪ್ಪ ಉಳಿಯಿತು ಅಂತ ಅಳೆಯುತ್ತಾರೆ. 502 00 ಮತ್ತು 504 00 ಎರಡಕ್ಕೂ ಇದು ಕನಿಷ್ಠ 3.5 ಇರಲೇಬೇಕು. ಹೊಸ ಕಾರುಗಳಿಗೆ ಬರುವ 508 00, ಅಂದರೆ ಹಸಿರು ಬಣ್ಣದ 0ಡಬ್ಲ್ಯೂ-20 ಆಯಿಲ್‌ಗೆ 2.6 ಸಾಕು. ಅದು ಮೈಲೇಜ್‌ಗಾಗಿ ಮಾಡಿದ್ದು, ಅದಕ್ಕೆಂದೇ ತಯಾರಾದ ಎಂಜಿನ್‌ಗೆ. 'ಲೇಟೆಸ್ಟ್ ಆಯಿಲ್ ಅಲ್ವಾ' ಅಂತ ನಮ್ಮ ಎಂಜಿನ್‌ಗೆ ಸುರಿಯಬೇಡಿ.

ಇದರ ಉಲ್ಟಾ ಸಲಹೆಯೂ ನನಗೆ ಸಿಕ್ಕಿದೆ. ಊರಿಗೆ ಹೋಗುವ ದಾರಿಯಲ್ಲಿ ಟಾಪ್ ಅಪ್ ಮಾಡಿಸಲು ನಿಂತಾಗ ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆದು ಬೆರಳಲ್ಲಿ ತಿಕ್ಕಿ ನೋಡಿದರು. 'ಸಾರ್, ಇದು ನೀರಿನ ಥರ ತೆಳ್ಳಗಿದೆ. 20ಡಬ್ಲ್ಯೂ-50 ಹಾಕಿಬಿಡೋಣ, ಎಂಜಿನ್ ಗಟ್ಟಿ ಇರುತ್ತೆ' ಅಂದರು. ಅವರ ಕಾಳಜಿ ನಿಜವಾದದ್ದೇ. ಅವರು ಕೈಯಾಡಿಸಿದ ಹಳೆಯ ಎಂಜಿನ್‌ಗಳಿಗೆ ಆ ಮಾತು ಸರಿ ಕೂಡ. ಆದರೆ ಈ ಇಎ888 ಎಂಜಿನ್‌ನ ಆಯಿಲ್ ಪಂಪ್ ಎರಡು ಹಂತದ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಪಿಸ್ಟನ್ ತಳಕ್ಕೆ ಆಯಿಲ್ ಚಿಮ್ಮಿಸುವ ಜೆಟ್‌ಗಳಿವೆ. ಕ್ಯಾಮ್ ಟೈಮಿಂಗ್ ಬದಲಿಸುವುದೂ ಆಯಿಲ್ ಒತ್ತಡದಿಂದಲೇ. ಜಾಸ್ತಿ ದಪ್ಪದ್ದು ಹಾಕಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಟರ್ಬೊಗೆ ಆಯಿಲ್ ಮುಟ್ಟುವುದು ತಡವಾಗುತ್ತದೆ.

ಈಗ ನಾನು ಬಳಸಿದ್ದರ ವಿಷಯ. ವಾರಂಟಿ ಇರುವವರೆಗೆ ಸರ್ವಿಸ್ ಸೆಂಟರ್‌ನವರು ಹಾಕಿದ 5ಡಬ್ಲ್ಯೂ-40. ಅವರ ಲೆಕ್ಕದಲ್ಲಿ 15,000 ಕಿ.ಮೀ. ಅಥವಾ ಒಂದು ವರ್ಷ. ಒಂದು ಸಲ 12,000 ಆದಾಗ ಡಿಪ್‌ಸ್ಟಿಕ್ ಮೂಸಿ ನೋಡಿದೆ. ಪೆಟ್ರೋಲ್ ವಾಸನೆ ಗಾಢವಾಗಿತ್ತು. ಸ್ವಲ್ಪ ಆಯಿಲ್ ತೆಗೆದು ಲ್ಯಾಬ್‌ಗೆ ಕಳಿಸಿದೆ. ಬಂದ ವರದಿಯಲ್ಲಿ 100 ಡಿಗ್ರಿಯ ದಪ್ಪ 11.8 ಸೆಂಟಿಸ್ಟೋಕ್! ಅಂದರೆ ನಾನು ಓಡಿಸುತ್ತಿದ್ದದ್ದು 40 ಅಲ್ಲ, 30ರ ಆಯಿಲ್. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಪೆಟ್ರೋಲ್ ಸ್ವಲ್ಪ ಸಿಲಿಂಡರ್ ಗೋಡೆಗೆ ಅಂಟಿ ಕೆಳಗೆ ಇಳಿಯುತ್ತದೆ. ಹೈವೇಯಲ್ಲಿ ಆಯಿಲ್ ಚೆನ್ನಾಗಿ ಬಿಸಿಯಾಗಿ ಅದು ಆವಿಯಾಗಿ ಹೋಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತು ನಿಂತು ಹೋಗುವ ಕಾರಿನಲ್ಲಿ ಅಲ್ಲೇ ಉಳಿಯುತ್ತದೆ. ಇದರಲ್ಲಿ ಆಯಿಲ್‌ನ ತಪ್ಪಿಲ್ಲ. ನನ್ನ ಓಡಾಟಕ್ಕೆ 15,000 ಅನ್ನುವ ಅಂತರ ಜಾಸ್ತಿಯಾಗಿತ್ತು, ಅಷ್ಟೇ.

ಅದೇ ವರದಿಯಲ್ಲಿ ಸಿಲಿಕಾನ್ ಕೂಡ ಜಾಸ್ತಿ ಇತ್ತು. ಸಿಲಿಕಾನ್ ಅಂದರೆ ಧೂಳು. ಆಗ ನಾನು ಶಬ್ದ ಚೆನ್ನಾಗಿದೆ ಅಂತ ಹೊರಗಿನಿಂದ ತಂದ ಓಪನ್ ಏರ್ ಫಿಲ್ಟರ್ ಹಾಕಿಸಿದ್ದೆ. ಅದನ್ನು ತೆಗೆದು ಕಂಪನಿಯ ಪೇಪರ್ ಫಿಲ್ಟರ್ ಮತ್ತೆ ಕೂರಿಸಿದೆ. ಮುಂದಿನ ವರದಿಯಲ್ಲಿ ಸಿಲಿಕಾನ್ ಇಳಿದಿತ್ತು, ಕಬ್ಬಿಣದ ಅಂಶವೂ ಇಳಿದಿತ್ತು. ಒಳ್ಳೆಯ ಆಯಿಲ್ ಹಾಕಿ ಧೂಳು ಒಳಗೆ ಬಿಟ್ಟರೆ ಏನು ಪ್ರಯೋಜನ?

ವಾರಂಟಿ ಮುಗಿದ ಮೇಲೆ ಒಂದು ಸಲ ಮೋಟುಲ್ 300ವಿ ಹಾಕಿಸಿದೆ. 1971ರಲ್ಲಿ, 300 ರೇಸ್ ಗೆಲುವುಗಳ ನೆನಪಿಗೆ ಆ ಹೆಸರಿಟ್ಟ ಆಯಿಲ್ ಅದು. ಎಸ್ಟರ್ ಬಳಸಿದ್ದು. ಟ್ರ್ಯಾಕ್‌ನಲ್ಲಿ ಅದರ ಬಗ್ಗೆ ನನಗೆ ಒಂದೇ ಒಂದು ದೂರಿಲ್ಲ. ಆಯಿಲ್ ತಾಪಮಾನ 125 ಡಿಗ್ರಿ ಮುಟ್ಟಿದಾಗಲೂ ಎಂಜಿನ್ ಶಬ್ದ ಬದಲಾಗಲಿಲ್ಲ. ಆದರೆ ಅದು ರೇಸಿಂಗ್ ಆಯಿಲ್. ಬೇಗ ಬೇಗ ಬದಲಿಸುವವರಿಗೆ ಮಾಡಿದ್ದು. ವರ್ಷಕ್ಕೆ ಎರಡು ಟ್ರ್ಯಾಕ್ ಡೇಗಾಗಿ ಅದನ್ನು ತಿಂಗಳುಗಟ್ಟಲೆ ಆಫೀಸ್ ಟ್ರಾಫಿಕ್‌ನಲ್ಲಿ ಇಡುವುದು ಆ ಆಯಿಲ್‌ಗೂ ನ್ಯಾಯವಲ್ಲ, ನನ್ನ ದುಡ್ಡಿಗೂ ಅಲ್ಲ.

ಕಳೆದ ಮೂರು ವರ್ಷದಿಂದ ನಾನು ನಿಂತಿರುವುದು ಅದೇ ಕಂಪನಿಯ 8100 ಎಕ್ಸ್-ಸೆಸ್ 5ಡಬ್ಲ್ಯೂ-40ರಲ್ಲಿ. 502 00 ಅಪ್ರೂವಲ್ ನೋಡಿಯೇ ತೆಗೆದುಕೊಂಡದ್ದು. 7,500 ಕಿ.ಮೀ.ಗೆ ಒಂದು ಸಲ, ಪ್ರತಿ ಸಲವೂ ಫಿಲ್ಟರ್ ಜೊತೆ. ಎಂಜಿನ್‌ಗೆ 5.7 ಲೀಟರ್ ಬೇಕು. ಹಾಗಾಗಿ 5 ಲೀಟರ್ ಕ್ಯಾನ್ ಒಂದು, 1 ಲೀಟರಿನದ್ದು ಒಂದು. ಉಳಿದದ್ದು ಡಿಕ್ಕಿಯಲ್ಲಿ ಟಾಪ್ ಅಪ್‌ಗೆ. ಆಯಿಲ್, ಫಿಲ್ಟರ್ ಎಲ್ಲ ಸೇರಿಸಿದರೂ ಈ ಕಾರಿನ ಒಂದು ಟೈರ್‌ಗಿಂತ ಕಡಿಮೆ ಖರ್ಚು. ಆಯಿಲ್ ಕುಡಿಯುವುದು ಎರಡು ಚೇಂಜ್‌ಗಳ ನಡುವೆ ಸುಮಾರು ಅರ್ಧ ಲೀಟರ್. 1,000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೂ ಹೋಗಬಹುದು ಎಂದು ಕಾರಿನ ಪುಸ್ತಕವೇ ಹೇಳುತ್ತದೆ. ಅದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

504 00ರ 5ಡಬ್ಲ್ಯೂ-30 ಯಾಕೆ ಅಲ್ಲ ಅಂತ ಕೇಳಬಹುದು. 2020ರ ಏಪ್ರಿಲ್‌ಗೆ ಮುಂಚೆ ನಮ್ಮ ಪೆಟ್ರೋಲ್‌ನಲ್ಲಿ ಗಂಧಕ 50 ಪಿಪಿಎಂವರೆಗೆ ಇರುತ್ತಿತ್ತು. ಗಂಧಕದಿಂದ ಆಮ್ಲ ಹುಟ್ಟುತ್ತದೆ. ಅದನ್ನು ತಡೆಯುವ ರಾಸಾಯನಿಕ 504 00 ಆಯಿಲ್‌ಗಳಲ್ಲಿ ಕಡಿಮೆ, ಯಾಕೆಂದರೆ ಎಕ್ಸಾಸ್ಟ್ ಫಿಲ್ಟರ್ ಕಟ್ಟಿಕೊಳ್ಳದಂತೆ ಬೂದಿ ಕಡಿಮೆ ಇಟ್ಟಿರುತ್ತಾರೆ. ಬಿಎಸ್6 ಬಂದ ಮೇಲೆ ಗಂಧಕ 10 ಪಿಪಿಎಂಗೆ ಇಳಿಯಿತು. ಆದ್ದರಿಂದ ಈಗ 504 00 ಹಾಕಿದರೂ ಭಯವಿಲ್ಲ. ಹೈವೇ ಓಡಾಟವೇ ಜಾಸ್ತಿ ಇರುವವರಿಗೆ ಅದನ್ನೇ ಹೇಳುತ್ತೇನೆ. ನನ್ನ ಕಾರಿನಲ್ಲಿ ಪೆಟ್ರೋಲ್ ಬೆರೆತು ತೆಳ್ಳಗಾಗುವುದು ಗೊತ್ತಿರುವುದರಿಂದ 40ರಿಂದ ಶುರು ಮಾಡುವುದೇ ವಾಸಿ ಅನ್ನಿಸುತ್ತದೆ. ಈಗ ಬಂಕ್‌ಗಳಲ್ಲಿ 20% ಎಥೆನಾಲ್ ಬೇರೆ ಬಂದಿದೆ. ಎಥೆನಾಲ್ ತೇವ ಎಳೆಯುತ್ತದೆ. ಚಿಕ್ಕ ಚಿಕ್ಕ ಓಡಾಟದವರು ಅಂತರವನ್ನು ಇನ್ನೂ ಕಡಿಮೆ ಮಾಡುವುದು ಒಳ್ಳೆಯದು.

ಇಷ್ಟು ಹೊತ್ತು ಎಂಜಿನ್ ಆಯಿಲ್. ಆದರೆ ಈ ಏಳು ವರ್ಷದಲ್ಲಿ ನನಗೆ ನಿದ್ದೆ ಕೆಡಿಸಿದ್ದು ಗೇರ್‌ಬಾಕ್ಸ್ ಆಯಿಲ್. ಅದರ ಬಗ್ಗೆ ಮಾತಾಡುವವರೇ ಕಡಿಮೆ.

ನಮ್ಮ ಕಾರಿನ ಡಿಕ್ಯೂ250 ಗೇರ್‌ಬಾಕ್ಸ್‌ನಲ್ಲಿ ಎರಡು ಕ್ಲಚ್ ಆಯಿಲ್‌ನಲ್ಲಿ ಮುಳುಗಿರುತ್ತವೆ. ಒಂದೇ ಆಯಿಲ್ ಕ್ಲಚ್‌ಗಳನ್ನು ತಂಪಾಗಿಡಬೇಕು, ಗೇರ್ ಮತ್ತು ಡಿಫರೆನ್ಷಿಯಲ್‌ಗೆ ಜಾರಿಕೆ ಕೊಡಬೇಕು, ಗೇರ್ ಬದಲಿಸುವ ಮೆಕಟ್ರಾನಿಕ್ಸ್ ಘಟಕದ ವಾಲ್ವ್‌ಗಳನ್ನೂ ಒತ್ತಡದಿಂದ ಆಡಿಸಬೇಕು. ಕ್ಲಚ್ ಜಾರಬಾರದು, ಗೇರ್ ಸವೆಯಬಾರದು. ಈ ಎರಡನ್ನೂ ಸರಿದೂಗಿಸುವ ಆಯಿಲ್‌ಗೆ ಬೇರೆ ಯಾವುದೂ ಬದಲಿಯಲ್ಲ. ಸಾಮಾನ್ಯ ಆಟೋಮ್ಯಾಟಿಕ್ ಆಯಿಲ್ ಹಾಕಲೇಬಾರದು. ಪಾರ್ಟ್ ನಂಬರ್ ಜಿ 052 182ರಿಂದ ಶುರುವಾಗುವ ಕಂಪನಿಯ ಆಯಿಲ್ ಅಥವಾ ಅದೇ ಅಪ್ರೂವಲ್ ಇರುವ ಪೆಂಟೋಸಿನ್ ಎಫ್‌ಎಫ್‌ಎಲ್-2 ಥರದ್ದು ಮಾತ್ರ. ಪ್ರತಿ 60,000 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಬೇಕು.

ನನ್ನ ಕಾರಿಗೆ 60,000 ಆದಾಗ ಒಂದು ಗ್ಯಾರೇಜ್‌ನಲ್ಲಿ ಆ ಕೆಲಸ ಮಾಡಿಸಿದೆ. ಆಯಿಲ್ ಸರಿಯಾದದ್ದೇ, ನಾನೇ ತಂದುಕೊಟ್ಟಿದ್ದೆ. ಆದರೆ ಅವರು ಕೆಳಗೆ ಬಿದ್ದಷ್ಟನ್ನು ಅಳೆದು ಅಷ್ಟೇ ತುಂಬಿ ಬೋಲ್ಟ್ ಹಾಕಿದರು. ಎರಡು ವಾರದಲ್ಲಿ ಒಂದರಿಂದ ಎರಡನೇ ಗೇರ್‌ಗೆ ಹೋಗುವಾಗ ಕಾರು ನಡುಗತೊಡಗಿತು. ಚಾರ್ಮಾಡಿ ಹತ್ತುವಾಗ ತಿರುವುಗಳಲ್ಲಿ ಎಳೆತವೇ ತಪ್ಪುತ್ತಿತ್ತು. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ ಇದ್ದರು. ಆ ದಿನ ನನಗೆ ಆದ ಭಯ ಮರೆಯುವಂಥದ್ದಲ್ಲ.

ವಾಪಸ್ ಬಂದು ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಕಾರನ್ನು ಲಿಫ್ಟ್‌ನಲ್ಲಿ ಸಮತಟ್ಟಾಗಿ ಎತ್ತಿ, ಎಂಜಿನ್ ಚಾಲೂ ಇಟ್ಟು, ಸ್ಕ್ಯಾನರ್‌ನಲ್ಲಿ ಗೇರ್‌ಬಾಕ್ಸ್ ತಾಪಮಾನ ನೋಡುತ್ತಾ ಕೂತರು. 35ರಿಂದ 45 ಡಿಗ್ರಿ ನಡುವೆ ಇರುವಾಗ ಕೆಳಗಿನ ಬೋಲ್ಟ್ ಬಿಚ್ಚಬೇಕು. ಒಳಗೆ ಒಂದು ಚಿಕ್ಕ ಕೊಳವೆ ಇದೆ. ಲೆವೆಲ್ ಸರಿಯಿದ್ದರೆ ಅದರ ಅಂಚಿನಿಂದ ಆಯಿಲ್ ತೊಟ್ಟಿಕ್ಕುತ್ತದೆ. ನನ್ನದರಿಂದ ಒಂದು ಹನಿಯೂ ಬರಲಿಲ್ಲ. 'ನೋಡಿ ಸಾರ್, ಇದು ಎಂಜಿನ್ ಆಯಿಲ್ ಥರ ಅಲ್ಲ. ಬಿಸಿ ನೋಡ್ಕೊಂಡು ಲೆವೆಲ್ ಹಿಡೀಬೇಕು' ಅಂದರು. ಸುಮಾರು 700 ಎಂಎಲ್ ತುಂಬಿದ ಮೇಲೆ ತೊಟ್ಟಿಕ್ಕಿತು. ನಡುಕ ಅವತ್ತೇ ಹೋಯಿತು, ಮತ್ತೆ ಬಂದಿಲ್ಲ. ನಿಮ್ಮದು ಡಿಎಸ್‌ಜಿ ಆದರೆ, ಕೆಲಸ ಕೊಡುವ ಮುಂಚೆ ಲೆವೆಲ್ ಹೇಗೆ ನೋಡ್ತೀರಿ ಅಂತ ಕೇಳಿ. ಉತ್ತರದಲ್ಲಿ ತಾಪಮಾನದ ಮಾತು ಬರದಿದ್ದರೆ ಬೇರೆ ಕಡೆ ಹೋಗಿ.

ಬೇರೆ ಗೇರ್‌ಬಾಕ್ಸ್ ಇರುವವರಿಗೆ ಎರಡು ಮಾತು. ಗೆಳೆಯನ ಬಿಎಂಡಬ್ಲ್ಯೂನಲ್ಲಿ ಝಡ್‌ಎಫ್‌ನ ಎಂಟು ಗೇರಿನ ಬಾಕ್ಸ್. 'ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ' ಅಂತ ಅವನಿಗೆ ಹೇಳಿದ್ದರು. ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತದೆ. ನಾನು ಬಾಕ್ಸ್ ಮಾಡಿದವರ ಮಾತನ್ನೇ ನಂಬುತ್ತೇನೆ. ಆ ಕಾರಿನ ಹಿಂದಿನ ಡಿಫರೆನ್ಷಿಯಲ್‌ಗೆ ಬೇರೆಯದೇ ಆಯಿಲ್. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿರುಗುವ ಹೈಪಾಯ್ಡ್ ಗೇರ್ ಇರುವುದರಿಂದ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕು. ಅದನ್ನೇ ಮ್ಯಾನ್ಯುಯಲ್ ಗೇರ್‌ಬಾಕ್ಸ್‌ಗೆ ಸುರಿದರೆ ಕಷ್ಟ. ಚಿಕ್ಕಮಗಳೂರಿನಲ್ಲಿ ಹಳೇ ಎಸ್ಟೀಮ್ ಇಟ್ಟುಕೊಂಡು ಆಟೋಕ್ರಾಸ್ ಓಡಿಸುವ ನಮ್ಮ ದೊಡ್ಡಪ್ಪನ ಮಗ, 5 ಅಂದರೆ 4ಕ್ಕಿಂತ ಮೇಲು ಅಂದುಕೊಂಡು ಜಿಎಲ್-5 ಹಾಕಿಸಿದ್ದ. ಅದರಲ್ಲಿರುವ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳನ್ನು ತಿನ್ನುತ್ತದೆ, ಜಾರಿಕೆ ಜಾಸ್ತಿಯಾಗಿ ಅವು ಸರಿಯಾಗಿ ಹಿಡಿಯುವುದೂ ಇಲ್ಲ. ಎರಡನೇ ಗೇರ್ ಕಚಕಚ ಅನ್ನತೊಡಗಿದಾಗ ಜಿಎಲ್-4 ಹಾಕಿಸಿದ. ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ.

ಖರೀದಿ ಮಾಡುವಾಗ ನಾನು ಪಾಲಿಸುವುದು ಇಷ್ಟೇ. ಅಧಿಕೃತ ಡೀಲರ್ ಹತ್ತಿರವೇ ಕೊಳ್ಳುತ್ತೇನೆ. ಸೀಲ್, ಬ್ಯಾಚ್ ನಂಬರ್ ನೋಡಿ, ಬಿಲ್ ತೆಗೆದುಕೊಳ್ಳುತ್ತೇನೆ. ಖಾಲಿ ಕ್ಯಾನ್‌ಗೆ ಸ್ಕ್ರೂಡ್ರೈವರ್‌ನಿಂದ ತೂತು ಹೊಡೆದೇ ಗುಜರಿಗೆ ಕೊಡುತ್ತೇನೆ, ಯಾರೂ ಮತ್ತೆ ತುಂಬಿ ಮಾರದ ಹಾಗೆ. ಆಯಿಲ್ 80 ಡಿಗ್ರಿ ಮುಟ್ಟುವವರೆಗೆ 3,000 ಆರ್‌ಪಿಎಂ ದಾಟಿಸುವುದಿಲ್ಲ. ಘಾಟಿ ಹತ್ತಿದ ಮೇಲೆ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸುವಾಗ ಕೊನೆಯ ಒಂದೆರಡು ಕಿ.ಮೀ. ನಿಧಾನವಾಗಿ ಬಂದು, ಒಂದು ನಿಮಿಷ ಎಂಜಿನ್ ಸುಮ್ನೆ ಓಡಲು ಬಿಟ್ಟು ಆಫ್ ಮಾಡುತ್ತೇನೆ. ಕೆಂಪಗೆ ಕಾದ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಕರಿಯಾಗುವುದು ಆ ಒಂದು ನಿಮಿಷದಿಂದ ತಪ್ಪುತ್ತದೆ.

ಇತ್ತೀಚಿನ ಲ್ಯಾಬ್ ವರದಿ, 90,000ದಲ್ಲಿ ತೆಗೆದ ಆಯಿಲ್‌ನದ್ದು: 7,500 ಕಿ.ಮೀ. ಓಡಿದ ಮೇಲೂ 12.9 ಸೆಂಟಿಸ್ಟೋಕ್, ಇನ್ನೂ 40ರ ಒಳಗೇ ಇದೆ. ಡಿಎಸ್‌ಜಿಯ ಮುಂದಿನ ಸರದಿ 1,20,000ಕ್ಕೆ. ಆದರೆ ಟ್ರ್ಯಾಕ್ ಡೇಗಳ ಬಿಸಿ ನೋಡಿ ಅಲ್ಲಿಯವರೆಗೆ ಕಾಯುವುದು ಬೇಡ ಅನ್ನಿಸಿದೆ. 1,00,000 ಆದಾಗಲೇ ಮಾಡಿಸುತ್ತೇನೆ, ಆ ಸ್ಕ್ಯಾನರ್ ಮೆಕ್ಯಾನಿಕ್ ಹತ್ತಿರವೇ.