ಹೊಲಿಗೆ ಕಲಿಯಲು ಬಡಾವಣೆಯ ಕ್ಲಾಸೋ, ವಸತಿ ತರಬೇತಿಯೋ?

ನಲವತ್ತರ ಆಸುಪಾಸಿನಲ್ಲಿ ಹೊಲಿಗೆ ಕಲಿಯಲು ಹೊರಡುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಬಡಾವಣೆಯ ಟೈಲರಿಂಗ್ ಕ್ಲಾಸು; ಇನ್ನೊಂದು, ಬ್ಯಾಂಕುಗಳು ನಡೆಸುವ ಸ್ವ-ಉದ್ಯೋಗ ತರಬೇತಿ ಸಂಸ್ಥೆಯ ವಸತಿ ತರಬೇತಿ. ನಾನು ಎರಡರಲ್ಲೂ ಕಲಿತಿದ್ದೇನೆ.

ಬಡಾವಣೆಯ ಕ್ಲಾಸಿಗೆ ಪಠ್ಯಕ್ರಮವೆಂಬುದಿಲ್ಲ. ಮೊದಲು ಹಳೆಯ ದಿನಪತ್ರಿಕೆಯ ಮೇಲೆ ಪೇಪರ್ ಕಟಿಂಗ್, ಆಮೇಲೆ ಬಟ್ಟೆ, ಅಲ್ಲಿಂದ ಮುಂದೆ ಕ್ಲಾಸು ನಡೆಸುವವರ ಅಂಗಡಿಗೆ ಯಾವ ಕೆಲಸ ಬರುತ್ತದೋ ಅದೇ ಆ ದಿನದ ಪಾಠ. ಇದನ್ನು ಕೊರತೆಯೆಂದು ಹೇಳುವವರಿದ್ದಾರೆ. ನನಗೆ ಅದೇ ಅದರ ಬಲವಾಗಿ ಕಂಡಿತು. ಎದೆಯ ಸುತ್ತಳತೆಯ ಕಾಲು ಭಾಗಕ್ಕೆ ಇಷ್ಟು ಇಂಚು ಸೇರಿಸಬೇಕೆಂಬ ಸೂತ್ರವನ್ನು ಯಾರು ಬೇಕಾದರೂ ಬರೆಸಬಹುದು. ಆದರೆ ಒಂದು ಭುಜ ತುಸು ಇಳಿದವರೋ ಬೆನ್ನು ಬಾಗಿದವರೋ ಬ್ಲೌಸ್ ತೊಟ್ಟು ನಿಂತಾಗ, ಕಂಕುಳಲ್ಲಿ ಬಿದ್ದ ಸುಕ್ಕಿಗೆ ಆರ್ಮ್‌ಹೋಲ್ (ತೋಳು ಕೂರಿಸುವ ಸುತ್ತು) ಕಾರಣವೋ ತೋಳಿನ ಮೇಲ್ಭಾಗದ ಉಬ್ಬು ಕಾರಣವೋ ಎಂಬುದನ್ನು ಮೇಡಂ ಒಂದು ಗುಂಡುಸೂಜಿ ಚುಚ್ಚಿ ತೋರಿಸಿಬಿಡುತ್ತಿದ್ದರು. (ವಯಸ್ಸಿನಲ್ಲಿ ಅವರು ನನಗಿಂತ ಚಿಕ್ಕವರು; ನಾನು ಮೇಡಂ ಎಂದರೆ ಅವರು ಅಕ್ಕಾ ಎನ್ನುತ್ತಿದ್ದರು.) ವಿಡಿಯೊ ನೋಡಿ ಕಲಿಯುವುದರಲ್ಲಿ ಇಲ್ಲದಿರುವುದು ಈ ಗುಂಡುಸೂಜಿಯೇ ಆದ್ದರಿಂದ ಅದನ್ನು ಇಲ್ಲಿ ಹೋಲಿಕೆಗೆ ಎಳೆದಿಲ್ಲ.

ವಸತಿ ತರಬೇತಿಯ ಮಾದರಿ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯನ್ನು ನೋಡಿಯೇ ಮುಂದೆ ಜಿಲ್ಲೆಗೊಂದರಂತೆ ಆರ್‌ಸೆಟಿಗಳು, ಅಂದರೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು, ಬಂದವು. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಹೊಲಿಗೆಗೆ ಸುಮಾರು ಒಂದು ತಿಂಗಳು. ಬೆಳಗಿನಿಂದ ಸಂಜೆಯವರೆಗೆ ಬೇರಾವ ಕೆಲಸವೂ ಇಲ್ಲದೆ ಮಷೀನಿನ ಮುಂದೆ ಕೂರುವುದರಿಂದ ಕೈಗೆ ಬರುವ ವೇಗ, ಮನೆಗೆಲಸದ ನಡುವೆ ಬಿಡುವು ಹುಡುಕಿಕೊಂಡು ಕ್ಲಾಸಿಗೆ ಓಡುವವರಿಗೆ ಅಷ್ಟು ಬೇಗ ದಕ್ಕುವುದಿಲ್ಲ. ಆದರೆ ಅಂಗಡಿಯಂತೆ ಗಿರಾಕಿಗಳು ಬರುವುದಿಲ್ಲ; ಅಳತೆ ತೆಗೆದು ಕಲಿಯಲು ಜೊತೆಯಲ್ಲಿ ಕಲಿಯುವವರೇ ಗತಿ.

ಹೊಲಿಗೆಗಿಂತ ಹೆಚ್ಚಾಗಿ ನನಗೆ ಅಲ್ಲಿ ದೊರೆತದ್ದು ಲೆಕ್ಕ. ದಾರ, ಲೈನಿಂಗ್, ಹುಕ್ಕು, ಕರೆಂಟು, ಅಂಗಡಿಯ ಬಾಡಿಗೆ, ಇವುಗಳ ಜೊತೆಗೆ ಸ್ವಂತ ದುಡಿಮೆಯ ಗಂಟೆಗಳಿಗೂ ಬೆಲೆ ಕಟ್ಟಿ ಮಜೂರಿ ನಿಗದಿ ಮಾಡಬೇಕೆಂದು ಅಲ್ಲಿ ಕಲಿಸುತ್ತಾರೆ. ಬಡಾವಣೆಯಲ್ಲಾದರೆ ಪಕ್ಕದ ಅಂಗಡಿಯ ದರಕ್ಕಿಂತ ಹತ್ತು ರೂಪಾಯಿ ಕಡಿಮೆ ಎಂಬುದೇ ಲೆಕ್ಕ. ತರಬೇತಿ ಸಂಸ್ಥೆಯವರು ಬ್ಯಾಂಕ್ ಸಾಲದ ಅರ್ಜಿಗೂ ನೆರವಾಗುತ್ತಾರೆ, ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ. ತೊಡಕಿರುವುದು ಪ್ರವೇಶದಲ್ಲಿ: ಗ್ರಾಮೀಣ ಬಡ ಕುಟುಂಬದವರಿಗೆ ಆದ್ಯತೆ, ಜೊತೆಗೆ ವಯೋಮಿತಿ. ಅದಕ್ಕಿಂತ ದೊಡ್ಡ ತೊಡಕು, ಶಾಲೆಗೆ ಹೋಗುವ ಮಕ್ಕಳನ್ನು ಬಿಟ್ಟು ತಿಂಗಳು ಹೊರಗಿರಲು ಮನೆಯವರನ್ನು ಒಪ್ಪಿಸುವುದು.

ಮನೆಮಂದಿಯ ಬಟ್ಟೆಯಷ್ಟೇ ಹೊಲಿಯುವುದಾದರೆ ಬಡಾವಣೆಯ ಕ್ಲಾಸು ಧಾರಾಳವಾಗಿ ಸಾಕು. ಸಂಪಾದನೆಯ ಉದ್ದೇಶವಿದ್ದರೆ ವಸತಿ ತರಬೇತಿಯೇ ಮೇಲು, ಆದರೆ ಅದಕ್ಕೂ ಮೊದಲು ಕೆಲವು ವಾರ ಕ್ಲಾಸಿಗೆ ಹೋಗಿಬರುವುದು ಒಳ್ಳೆಯದು. ಕತ್ತರಿ ಮತ್ತು ಪೆಡಲು ರೂಢಿಯಾಗಿದ್ದರೆ ಆ ತಿಂಗಳ ಆರಂಭದ ದಿನಗಳು ನೇರ ಹೊಲಿಗೆ ಹಾಕುವುದರಲ್ಲೇ ಕಳೆಯದೆ, ಪ್ರಿನ್ಸೆಸ್ ಕಟ್ ಬ್ಲೌಸಿಗೂ ಚೂಡಿದಾರಕ್ಕೂ ಉಳಿಯುತ್ತವೆ.